ಆಂಜಿನಪ್ಪ ದೊರೆಯನ್ನು ಕೆರೆ ಸುತ್ತಿಸಿದ್ದು

ಬಂಗಾರಪೇಟೆಯ ಹುರುಳಿ ಆಂಜಿನಪ್ಪನ ಬಾಯಿಗೆ ಬಾರದ ಮಾತು ಲೋಕದಲ್ಲಿ ಒಂದೇ ಒಂದಿತ್ತು. ಅದು ‘ಸುಮ್ಮನೆ’ ಎಂಬ ಮಾತು.

ಎಲೆಯಡಿಕೆ ತರಲು ಸ್ಟೇಷನ್ನಿನ ಕಡೆ ಹೊರಟವನನ್ನು ಯಾರಾದರೂ ಎಲ್ಲಿಗೆ ಎಂದು ಕೇಳಿದರೆ, ಬೇರೆಯವರಾಗಿದ್ದರೆ ಸುಮ್ಮನೆ ಎಂದು ಹೇಳಿ ದಾರಿ ಹಿಡಿಯುತ್ತಿದ್ದರು. ಆಂಜಿನಪ್ಪ ನಿಲ್ಲುತ್ತಿದ್ದ. ಕೊಡೆಯನ್ನು ನೆಲಕ್ಕೆ ಊರುತ್ತಿದ್ದ. “ಮದ್ರಾಸ್ ಮೇಲು ಒತ್ತಿಗೆ ಸರಿಯಾಗಿ ಬತ್ತದೋ ಇಲ್ವೋ, ಒಂಚೂರು ನೋಡ್ಕಂಡು ಬರಾನ ಅಂತ,” ಎನ್ನುತ್ತಿದ್ದ. ರೈಲು ತಡವಾದರೆ ಅವನ ಮುಖ ಬಾಡುತ್ತಿತ್ತು. ಸರಿಯಾಗಿ ಬಂದರೆ ತಾನೇ ಹಿಡಿದು ತಂದವನ ಹಾಗೆ ಎಲೆ ಕಟ್ಟಿಸಿಕೊಂಡು ಮನೆಗೆ ಬರುತ್ತಿದ್ದ. ನಾವು ಪೇಟೆಯವರು ಇದಕ್ಕೆಲ್ಲ ಒಗ್ಗಿಹೋಗಿದ್ದೆವು. ಒಗ್ಗದೆ ಇದ್ದವರು ಹೊರಗಿನವರು, ಅದರಲ್ಲೂ ಅವನ ಮಗಳನ್ನು ನೋಡಲು ಬರುವವರು.

ಮಗಳು ಅನಸೂಯ ಲಕ್ಷಣವಾದ ಹುಡುಗಿ, ಕೆಲಸದಲ್ಲಿ ಚುರುಕು. ಆದರೂ ಎರಡು ಸಂಬಂಧ ಬಂದು ಹಿಂದಕ್ಕೆ ಹೋಗಿದ್ದವು. ಮೊದಲನೆಯವರಿಗೆ ಆಂಜಿನಪ್ಪ ತನ್ನ ಮನೆಗೆ ಮಹಡಿ ಇದೆ ಎಂದಿದ್ದ. ಗಂಡಿನ ತಾತ ತನಗೆ ಗಾಳಿ ಬೇಕು, ಮಹಡಿಯ ಮೇಲೇ ಮಲಗುತ್ತೇನೆ ಎಂದಾಗ ಏಣಿ ಹಾಕಿ ಅವರನ್ನು ರಾಗಿ ಮಡಕೆಗಳ ಅಟ್ಟಕ್ಕೆ ಹತ್ತಿಸಿದ. ತಾತನನ್ನು ಕೆಳಗಿಳಿಸುವಷ್ಟರಲ್ಲಿ ಸಂಬಂಧ ಮುರಿದುಬಿದ್ದಿತ್ತು. ಎರಡನೆಯವರಿಗೆ ಏನು ಹೇಳಿದನೆಂಬುದನ್ನು ಅವನ ಹೆಂಡತಿ ಅಮ್ಮಾಜಮ್ಮ ಯಾರಿಗೂ ಹೇಳಲಿಲ್ಲ. ಕೇಳಿದರೆ ಎದ್ದು ಒರಳಿನ ಹತ್ತಿರ ಹೋಗಿ ಕೂತುಬಿಡುತ್ತಿದ್ದಳು.

ಮೂರನೆಯದು ಬಚ್ಚಪ್ಪನ ಮಗನ ಸಂಬಂಧ. ಬೇತಮಂಗಲದ ಕೆರೆಯ ಆಚೆ ದಡದಲ್ಲಿ ಅವನ ಹಳ್ಳಿ. ನೀರಿನ ಅಂಚಿಗೆ ಗದ್ದೆ, ಗದ್ದೆಯ ಮೇಲೆ ಕಣ, ಕಣದ ಮೇಲೆ ಮನೆ. ಹುಡುಗ ಬಂದು ಹುಡುಗಿಯನ್ನು ನೋಡಿದ, ಹುಡುಗಿ ಬಾಗಿಲ ಸಂದಿಯಿಂದ ಹುಡುಗನನ್ನು ನೋಡಿದಳು. ಆ ವಾರವೆಲ್ಲ ಅವಳು ಅರೆದ ಚಟ್ನಿಗೆ ಉಪ್ಪು ಎರಡೆರಡು ಸಲ ಬಿದ್ದದ್ದರಿಂದ ಮಗಳಿಗೆ ಪೂರ್ತಿ ಒಪ್ಪಿಗೆ ಎಂದು ಅಮ್ಮಾಜಮ್ಮ ತಿಳಿದುಕೊಂಡಳು. ಭಾನುವಾರ ಬಚ್ಚಪ್ಪನ ಮನೆಯಲ್ಲಿ ತಾಂಬೂಲ ಬದಲಾಯಿಸುವುದೆಂದು ಆಯಿತು. ಅದು ತಪ್ಪಿದರೆ ಧನುರ್ಮಾಸ. ಆ ತಿಂಗಳು ಕಳೆಯುವುದರೊಳಗೆ ಬಚ್ಚಪ್ಪನ ತಾಯಿ ಮುತ್ಯಾಲಮ್ಮನ ತವರಿನವರು ತಮ್ಮ ಹುಡುಗಿಯೊಬ್ಬಳನ್ನು ಮುಂದೆ ತಂದು ನಿಲ್ಲಿಸುವುದು ಖಂಡಿತವಾಗಿತ್ತು.

“ಅಪ್ಪಾ, ಈ ಸತಿ ಮಾತ್ರ ಬಾಯಿ ಮುಚ್ಕಂಡಿರು,” ಎಂದಳು ಅನಸೂಯ. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

“ನಾನೇನಮ್ಮ ಮಾತಾಡ್ತೀನಿ?” ಎಂದ ಆಂಜಿನಪ್ಪ.

ಅಷ್ಟು ಹೊತ್ತಿಗಾಗಲೇ ಅವನು ಬಚ್ಚಪ್ಪನಿಗೆ, ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕ್ಯಾಪ್ಟನ್ ದೊರೆ ತನ್ನ ಹೆಗಲ ಮೇಲೆ ಕೈಹಾಕಿಕೊಂಡು ಮಾತಾಡುವ ಸ್ನೇಹಿತನೆಂದೂ, ತನ್ನನ್ನು ಕೇಳದೆ ಒಂದು ಕಡ್ಡಿಯನ್ನೂ ಎತ್ತಿಡುವವನಲ್ಲವೆಂದೂ, ತಾಂಬೂಲಕ್ಕೆ ಅವನನ್ನು ಜೊತೆಯಲ್ಲೇ ಕರೆತರುತ್ತೇನೆಂದೂ ಹೇಳಿ ಮುಗಿಸಿದ್ದ.

ಕ್ಯಾಪ್ಟನ್ ಎಂದರೆ ದಂಡಿನವನಲ್ಲ, ಗಣಿಯ ಒಳಗೆ ಇಳಿದು ಕೆಲಸ ಮಾಡಿಸುವವನು. ಅವನ ಹೆಸರು ಪೆಂಗೆಲ್ಲಿ. ಗಣಿಯ ಕೆಲಸಗಾರರು ಅದನ್ನು ಬೇಯಿಸಿ ತುಪ್ಪ ಹಾಕಿ ಪೊಂಗಲ್ ಮಾಡಿಕೊಂಡಿದ್ದರು. ಪೊಂಗಲ್ ದೊರೆಗೂ ಆಂಜಿನಪ್ಪನಿಗೂ ಸಂಬಂಧ ಇದ್ದದ್ದು ನಿಜ. ದೊರೆಯ ಕುದುರೆಗೆ ಹುರುಳಿ ತಂದು ಹಾಕುತ್ತಿದ್ದವನು ಇವನೇ. ಬಂಗಲೆಯ ಹಿಂಬಾಗಿಲಿನಿಂದ ಲಾಯಕ್ಕೆ ಬಂದು, ಕುದುರೆಯ ಕುತ್ತಿಗೆ ತಟ್ಟಿ, ಅದೇ ಬಾಗಿಲಿನಿಂದ ಹೊರಟುಹೋಗುತ್ತಿದ್ದ.

ಆ ವಾರ ಲಾಯದಲ್ಲಿ ಹುರುಳಿ ಮೂಟೆ ಇಳಿಸುತ್ತ, ದೊರೆಯನ್ನು ಕೆರೆಯ ಆಚೆ ದಡಕ್ಕೆ ಸಾಗಿಸುವುದು ಹೇಗೆಂದು ಅವನು ಯೋಚಿಸುತ್ತಿರುವಾಗ ಬಟ್ಲರ್ ಪೆರುಮಾಳ್ ಬಂದು ಪಕ್ಕದಲ್ಲಿ ಕೂತ.

“ದೊರೈಗೆ ಅವರ್ದು ಊರು ಗ್ಯಾಪಕ ಬಂದ್ಬಿಟ್ಟದೆ ಆಂಜಿನಪ್ಪಾ. ಊಟ ಮಾಡಲ್ಲ. ವರಾಂಡದಾಗೆ ಕೂತು ಗಣಿ ಮಣ್ಣು ಸುರಿದಿರೋ ಸೈನೈಡ್ ದಿಬ್ಬ ನೋಡ್ತದೆ. ಅವರೂರಾಗೆ ಕಡಲು ಇರ್ತದಂತೆ. ಒಂದು ಪಕ್ಕ ಕಡಲು, ಒಂದು ಪಕ್ಕ ಬಂಡೆ, ನಡುವೆ ಕಾಲುದಾರಿ. ಬೆಳಿಗ್ಗೆ ನಡೆಯೋಕೆ ಹೊರಟ್ರೆ ಸಾಯಂತ್ರಗಂಟ ನಡೆಯೋದು. ಅಷ್ಟರಾಗೆ ಮಳೆ ಬರ್ತದೆ, ಬಿಸಿಲು ಬರ್ತದೆ, ಗಾಳಿ ಬರ್ತದೆ.”

“ದಾರಿ ಕೊನೇಲಿ ಏನೈತೆ? ಸಂತೆಯಾ, ಗುಡಿಯಾ?”

“ಒಣ್ಣೂ ಇಲ್ಲೆ, ಏನೂ ಇಲ್ಲ. ನಡೆದು ನಡೆದು ಮನೆಗೆ ಬರೋದು.”

ಆಂಜಿನಪ್ಪ ಪೆರುಮಾಳನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಅವನು ಕುಡಿದಿರಲಿಲ್ಲ. ಏನೂ ಕೆಲಸವಿಲ್ಲದೆ ಒಂದು ದಿನವೆಲ್ಲ ನಡೆಯುವ ಮನುಷ್ಯರು ಇರುತ್ತಾರೆಂಬುದು ನಂಬುವ ಮಾತಲ್ಲ. ಆದರೆ ದೊರೆಯ ಹುಚ್ಚೂ ತನ್ನ ಮಗಳ ತಾಂಬೂಲವೂ ಒಂದೇ ನೀರಿನ ದಡದಲ್ಲಿವೆ ಎಂಬುದು ಅವನಿಗೆ ತಟ್ಟನೆ ಹೊಳೆಯಿತು.

“ಕಡಲು ಯಾಕೆ? ಬೇತಮಂಗಲದ ಕೆರೆ ಇಲ್ವಾ?” ಎಂದ. “ಈಗ ತುಂಬಿ ಕೋಡಿ ಬೀಳಂಗೈತೆ. ಆ ದಡ ನಂಗೆ ಅಂಗೈ ಇದ್ದಂಗೆ. ಭಾನುವಾರ ನಾನೇ ಕರ್ಕಂಡು ಓಗ್ತೀನಿ ಅಂತ ದೊರೆಗೆ ಏಳು.”

ಅವನು ಆ ಕೆರೆಯನ್ನು ಜನ್ಮದಲ್ಲಿ ನೋಡಿದ್ದು ಏರಿಯ ಮೇಲಿನಿಂದ, ಅದೂ ಎತ್ತಿನ ಗಾಡಿಯಲ್ಲಿ ತೂಕಡಿಸುತ್ತ.

ಭಾನುವಾರ ಬೆಳಿಗ್ಗೆ ದೊರೆಯ ಕುದುರೆಗಾಡಿ ಬೇತಮಂಗಲದ ಕೆರೆ ಏರಿಯ ಮೇಲೆ ಬಂದು ನಿಂತಿತು. ಮೊದಲು ಇಳಿದವನು ಆಂಜಿನಪ್ಪ. ಕರಿ ಕೋಟು, ಕೈಯಲ್ಲಿ ಕೊಡೆ, ಕಾಲಲ್ಲಿ ಪೆರುಮಾಳ್ ಕೊಟ್ಟ ದೊರೆಯ ಹಳೇ ಬೂಟ್ಸು. ಅವುಗಳೊಳಗೆ ಅವನ ಪಾದ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿತ್ತು. ಆಮೇಲೆ ಇಳಿದವನು ದೊರೆ. ಎತ್ತರದ ಆಳು, ಕೆಂಪು ಮುಖ, ಅಗಲವಾದ ಟೋಪಿ, ಉದ್ದನೆಯ ಕೋಲು. ಅವನ ಚೀಲದಲ್ಲಿ ಕರ್ಜಿಕಾಯಿಯ ಆಕಾರದ, ಆದರೆ ಚಪ್ಪಲಿಯಷ್ಟು ದೊಡ್ಡದಾದ, ಮಾಂಸ ತುಂಬಿದ ತಿಂಡಿ ಇತ್ತು. ಮದ್ರಾಸಿನ ಕಡಲಲ್ಲಿ ಗಾಳಿ ಎದ್ದು ನಮ್ಮ ಕಡೆಗೆ ಜಡಿಮಳೆ ತಳ್ಳುವ ಕಾಲ ಅದು. ಪೂರ್ವಕ್ಕೆ ಬಿಸಿಲು, ದಕ್ಷಿಣಕ್ಕೆ ಮೋಡ, ಕೆರೆಯ ತುಂಬ ಸಣ್ಣ ಸಣ್ಣ ಅಲೆ. ದೊರೆ ಅದನ್ನು ನೋಡಿ ಎದೆ ತುಂಬ ಉಸಿರೆಳೆದುಕೊಂಡು ನಕ್ಕ. ಪೆರುಮಾಳ್ ಗಾಡಿಯೊಂದಿಗೆ ಅಲ್ಲೇ ಉಳಿದ.

ಎಡಕ್ಕೆ ಹೋಗುವುದೋ ಬಲಕ್ಕೆ ಹೋಗುವುದೋ ಎಂಬುದು ಪ್ರಶ್ನೆ. ಅಂಗೈಯಂತೆ ಬಲ್ಲವನಿಗೆ ಪ್ರಶ್ನೆ ಬರಬಾರದು. ಆಂಜಿನಪ್ಪ ಕೊಡೆ ಎತ್ತಿ ಒಂದು ಕಡೆ ತೋರಿಸಿದ. ಇಬ್ಬರೂ ಕೆರೆಯನ್ನು ತಮ್ಮ ಎಡಗಡೆ ಇಟ್ಟುಕೊಂಡು ಹೊರಟರು. ಓದುವವರು ಇದನ್ನು ನೆನಪಿನಲ್ಲಿಡಬೇಕು, ಏಕೆಂದರೆ ಆಂಜಿನಪ್ಪ ಇಡಲಿಲ್ಲ.

ಏರಿಯ ಕೊನೆಯಲ್ಲಿ ಸಿಕ್ಕಿದವನು ನೀರುಗಂಟಿ ಮುನಿನಾರಾಯಣಪ್ಪ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ದಡದಲ್ಲೇ ತನ್ನ ಹುಲ್ಲಿನ ಬಣವೆಗೆ ಒರಗಿಕೊಂಡು ನಿಂತಿದ್ದ.

“ಎಲ್ಲಿಗಣ್ಣ ಒಂಟ್ರಿ, ದೊರೇನ ಕರ್ಕಂಡು?”

ದೊರೆಗೆ ಗಣಿಯೊಳಗೆ ಕಲಿತ ತಮಿಳು ಚೆನ್ನಾಗಿ ಬರುತ್ತಿತ್ತು. “ಚುಮ್ಮಾ,” ಎಂದ ಅವನು ಹಲ್ಲು ಬಿಟ್ಟು. “ಚುಮ್ಮಾ ನಡಕ್ಕುದು.”

ತನ್ನ ದೊರೆ, ಅಷ್ಟು ದೊಡ್ಡ ಟೋಪಿಯ ದೊರೆ, ಒಬ್ಬ ನೀರುಗಂಟಿಯ ಮುಂದೆ ಸುಮ್ಮನೆ ಎಂದುಬಿಟ್ಟದ್ದು ಆಂಜಿನಪ್ಪನಿಗೆ ಅವಮಾನವಾಯಿತು. ದೊರೆ ಸುಮ್ಮನೆ ನಡೆಯುವವನಾದರೆ ಅವನ ಹಿಂದೆ ನಡೆಯುವ ತಾನು ಯಾರು?

“ಅವರು ಅಂಗೇ ಅನ್ನಾದು,” ಎಂದ ದನಿ ತಗ್ಗಿಸಿ. “ದೊಡ್ಡ ಕೆಲಸ ಐತೆ. ಈಗ್ಲೇ ಬಾಯಿ ಬಿಡಂಗಿಲ್ಲ.” ಮಾತಿಗೆ ತೂಕ ಬರಲಿ ಎಂದು ಕೊಡೆಯನ್ನು ನೀರಿನ ಅಂಚಿನಲ್ಲಿ ಚುಚ್ಚಿ, ಎತ್ತಿ, ಅದಕ್ಕೆ ಅಂಟಿದ ಕೆಸರನ್ನು ಗಂಭೀರವಾಗಿ ನೋಡಿ, “ಊಂ,” ಎಂದ.

ಆ ‘ಊಂ’ ಮುನಿನಾರಾಯಣಪ್ಪನ ಎದೆಗೆ ಇಳಿಯಿತು.

ನಮ್ಮ ಕಡೆಯಲ್ಲಿ ಬಿಳಿಯ ದೊರೆ ಕಾಲುನಡಿಗೆಯಲ್ಲಿ ಬಂದರೆ ಅದಕ್ಕೆ ಒಂದೇ ಅರ್ಥ. ದೊರೆ ಮುಂದೆ ನಡೆಯುತ್ತಾನೆ, ಹಿಂದೆ ಆಳುಗಳು ಬಂದು ಅವನು ನಡೆದಲ್ಲಿ ಕಲ್ಲು ನೆಡುತ್ತಾರೆ, ಕಲ್ಲಿನ ಆಚೆಯ ಭೂಮಿ ಹೋಯಿತು ಎಂದು ಲೆಕ್ಕ. ಗಣಿ ಬಂದಾಗಿನಿಂದ ಹೀಗೆಯೇ ನಡೆದಿದೆ. ಚಿನ್ನದ ಊರಿಗೆ ಕುಡಿಯುವ ನೀರು ಹೋಗುವುದು ಈ ಕೆರೆಯಿಂದ. ಅಲ್ಲಿ ಜನ ಹೆಚ್ಚಿದ್ದಾರೆ. ಹಾಗಾದರೆ ಏರಿಯನ್ನು ಎತ್ತರಿಸುತ್ತಾರೆ, ನೀರು ಮೇಲಕ್ಕೆ ಬರುತ್ತದೆ, ಎಲ್ಲಿಯವರೆಗೆ ಬರುತ್ತದೆಂದರೆ ಇವತ್ತು ದೊರೆಯ ಬೂಟ್ಸು ಬಿದ್ದ ಗೆರೆಯವರೆಗೆ. ಇಷ್ಟನ್ನು ಒಂದು ಉಸಿರಿನಲ್ಲಿ ತೀರ್ಮಾನಿಸಿ ಮುನಿನಾರಾಯಣಪ್ಪ ಹೊಲದ ಅಡ್ಡದಾರಿಯಲ್ಲಿ ಓಡಿದ. ದಡದ ದಾರಿ ಬಳಸಿ ಬಳಸಿ ಹೋಗುತ್ತದೆ, ಸುದ್ದಿ ನೇರ ಹೋಗುತ್ತದೆ.

ಮೊದಲ ಜಡಿ ಹಿಡಿದಾಗ ಇಬ್ಬರೂ ದೊಡ್ಡವೆಂಕಟಪ್ಪನ ಗದ್ದೆಯ ಹತ್ತಿರ ಬಂದಿದ್ದರು. ಭತ್ತ ಕೊಯ್ಲಿಗೆ ಬಂದಿತ್ತು. ದೊಡ್ಡವೆಂಕಟಪ್ಪ ಗದ್ದೆಯ ಬದುವಿಗೆ ಅಡ್ಡವಾಗಿ, ಕೈಯಲ್ಲಿ ಎರಡು ಕಬ್ಬಿನ ಜಲ್ಲೆ ಹಿಡಿದು ನಿಂತಿದ್ದ.

“ಅಣ್ಣಾ, ದೊರೆಗೆ ರವಷ್ಟು ಕೆಳಗೆ ನಡಿಯಕ್ಕೆ ಏಳಣ್ಣ.”

ಪೈರು ತುಳಿದಾರೆಂಬ ಭಯ ಎಂದುಕೊಂಡ ಆಂಜಿನಪ್ಪ ಕೆಳಗಿನ ಕೆಸರು ತೋರಿಸಿದ. ದೊರೆ ಇಳಿದ. ಪಾದ ಮುಳುಗಿತು. ದೊಡ್ಡವೆಂಕಟಪ್ಪನಿಗೆ ಸಮಾಧಾನವಾಗಲಿಲ್ಲ.

“ಇನ್ನೊಂಚೂರು ಕೆಳಕ್ಕೆ.”

ದೊರೆಯ ಮೀನಖಂಡ ಮುಳುಗಿತು.

“ಇನ್ನೊಂಚೂರು, ಸ್ವಾಮಿ. ಮನೆ ತುಂಬ ಮಕ್ಕಳವೆ.”

ಮೊಣಕಾಲು ಮುಟ್ಟುವ ನೀರಿನಲ್ಲಿ, ಮಳೆಯಲ್ಲಿ, ಪೊಂಗಲ್ ದೊರೆ ಅವನು ಕೊಟ್ಟ ಕಬ್ಬು ಅಗಿಯುತ್ತ ನಡೆದ. “ನಮ್ಮ ಊರ್ ಮಾದಿರಿ!” ಎಂದು ಕೂಗಿದ, ತನ್ನ ಊರಿನ ಹಾಗೆಯೇ ಇದೆಯೆಂದು. ಅವನ ಹಿಂದೆ ಆಂಜಿನಪ್ಪ, ಒಂದು ಬೂಟ್ಸನ್ನು ಕೆಸರಿನಲ್ಲಿ ಬಿಟ್ಟು, ಮತ್ತೆ ಹೋಗಿ ಕಿತ್ತುಕೊಂಡು, ಅದನ್ನು ಹಾಕಿಕೊಳ್ಳುವಷ್ಟರಲ್ಲಿ ಇನ್ನೊಂದನ್ನು ಬಿಟ್ಟು, ಬರುತ್ತಿದ್ದ.

ಮಳೆ ನಿಂತು ಬಿಸಿಲು ಬಿದ್ದಾಗ ಎದುರಾದವಳು ಕದಿರಮ್ಮ. ಅವಳಿಗೆ ಇದ್ದದ್ದು ಬಂಡೆ. ಬಂಡೆಯ ಸಂದಿಯಲ್ಲಿ ಒಂದಿಷ್ಟು ಹುರುಳಿ ಬೆಳೆದರೆ ಅದೇ ಹೆಚ್ಚು. ಅವಳು ಮಜ್ಜಿಗೆಯ ಚೆಂಬನ್ನು ಆ ಬಂಡೆಯ ನೆತ್ತಿಯ ಮೇಲೆ ಇಟ್ಟು, ಕೈಮುಗಿದು ನಿಂತಿದ್ದಳು.

“ಮೇಲಕ್ಕೆ ಬನ್ನಿ ಸ್ವಾಮಿ, ಮೇಲಕ್ಕೆ ಬನ್ನಿ. ಆ ತುದಿಗಂಟ ನಡೀರಿ.”

ದೊರೆ ಸಂತೋಷದಿಂದ ಹತ್ತಿದ. ನೆತ್ತಿಯ ಮೇಲೆ ನಿಂತು ಮಜ್ಜಿಗೆ ಕುಡಿದ. ಗಾಳಿ ಅವನ ಅಂಗಿಯನ್ನು ಪಟಪಟ ಹೊಡೆಯುತ್ತಿತ್ತು, ಕೆಳಗೆ ಕೆರೆಯೆಲ್ಲ ಬೆಳ್ಳಗೆ ಮಿಂಚುತ್ತಿತ್ತು. ಅವನು ಟೋಪಿ ತೆಗೆದ. ಆ ಗಳಿಗೆಯಲ್ಲಿ ಅವನು ನೋಡುತ್ತಿದ್ದದ್ದು ನಮ್ಮ ಕೆರೆಯನ್ನಲ್ಲ ಎಂದು ಆಂಜಿನಪ್ಪನಿಗೂ ತಿಳಿಯಿತು. ಪಾಪ ಅನ್ನಿಸಿತು.

ಕದಿರಮ್ಮ ಆಂಜಿನಪ್ಪನ ಕೋಟು ಹಿಡಿದೆಳೆದಳು. “ನನ್ನ ಬಂಡೆ ಮುಳುಗ್ಸಿ ಪುಣ್ಯ ಕಟ್ಕಳಪ್ಪಾ. ಮುಳುಗಿದೋರಿಗೆ ಏರಿ ಕೆಳಗೆ ಗದ್ದೆ ಕೊಡ್ತಾರಂತಲ್ಲ! ದೊರೆ ನಿನ್ನ ಮಾತು ಮೀರಾಕಿಲ್ಲ ಅಂತ ಊರೆಲ್ಲ ಅಂತೈತೆ.”

ಆಗ ಆಂಜಿನಪ್ಪನಿಗೆ ಎಲ್ಲವೂ ಅರ್ಥವಾಯಿತು. ಅಯ್ಯೋ ತಾಯಿ, ನಾವು ಬಂದಿರುವುದು ಸುಮ್ಮನೆ ಎಂದು ಅವನು ಆ ಬಂಡೆಯ ಮೇಲೆ ನಿಂತು ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಬೇಕೆಂದು ಬಾಯಿಯನ್ನೂ ತೆರೆದ. ಆದರೆ ಒಬ್ಬ ಹೆಂಗಸು ಕೈಮುಗಿದು ನಿಂತಿರುವಾಗ ತೆರೆದ ಬಾಯಿಯಿಂದ ಬಂದದ್ದು ಬೇರೆ ಮಾತು.

“ನೋಡಾನ. ದೊರೆ ಅತ್ರ ಒಂದು ಮಾತು ಆಕ್ತೀನಿ.”

ಅಲ್ಲಿಂದ ಮುಂದೆ ಅದು ನಡಿಗೆಯಾಗಿ ಉಳಿಯಲಿಲ್ಲ. ಒಳ್ಳೆಯ ಗದ್ದೆಯವರು ದೊರೆಯನ್ನು ನೀರಿಗೆ ಇಳಿಸುತ್ತಿದ್ದರು, ಕಲ್ಲುಭೂಮಿಯವರು ದಿಬ್ಬಕ್ಕೆ ಹತ್ತಿಸುತ್ತಿದ್ದರು. ಅಣ್ಣನ ಪಾಲಿನಲ್ಲಿ ಇಳಿದು ತಮ್ಮನ ಪಾಲಿನಲ್ಲಿ ಹತ್ತಿ, ದೊರೆ ಕುಡಿದ ಎತ್ತಿನ ಹಾಗೆ ವಾರೆವಾರೆಯಾಗಿ ಸಾಗಿದ. ಒಬ್ಬ ಮುದುಕ ತನ್ನ ಹೊಲದ ಉದ್ದಕ್ಕೂ ಮುಳ್ಳಿನ ಬೇಲಿಯನ್ನೇ ಎಳೆದು ತಂದು ನೀರಿನ ಅಂಚಿಗೆ ಹಾಕಿದ್ದ. ಹಿಂದೆ ಜನ ಸೇರುತ್ತ ಸೇರುತ್ತ ಸಣ್ಣ ಮೆರವಣಿಗೆಯಾಯಿತು. ಕೆಲವರು ದೊರೆಯ ಹೆಜ್ಜೆಗಳನ್ನು ಕಾಲಿನಿಂದ ಒರೆಸಿ ಎರಡು ಮಾರು ಕೆಳಗೆ ತಾವೇ ಹೊಸ ಹೆಜ್ಜೆ ಮೂಡಿಸಿದರಂತೆ. ಈ ಜನ ಎಷ್ಟು ಆದರದವರು, ಪ್ರತಿಯೊಬ್ಬರೂ ಒಳ್ಳೆಯ ದಾರಿ ತೋರಿಸುತ್ತಾರೆ ಎಂದು ದೊರೆ ಅಂದುಕೊಂಡಿದ್ದ. ತನ್ನ ದೊಡ್ಡ ಕರ್ಜಿಕಾಯಿಯನ್ನು ಮುರಿದು ಆಂಜಿನಪ್ಪನಿಗೂ ಕೊಡಲು ಬಂದ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಆಂಜಿನಪ್ಪ ಒಂದು ಗೌರವವನ್ನು ಬೇಡವೆಂದ.

ಈ ಹೊತ್ತಿಗೆ ಸುದ್ದಿ ಬಚ್ಚಪ್ಪನ ಮನೆಯನ್ನು ಮುಟ್ಟಿತ್ತು.

ಅಮ್ಮಾಜಮ್ಮ ನೆಂಟರ ಹೆಂಗಸರೊಂದಿಗೆ ಗಾಡಿಯಲ್ಲಿ ಆಗಲೇ ಬಂದಿದ್ದಳು. ಜಗುಲಿಯ ಮೇಲೆ ಚಾಪೆ ಹಾಸಿ, ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟಾಗಿತ್ತು. ಕೆರೆಯ ಕಡೆಯಿಂದ ಓಡಿ ಬಂದವನೊಬ್ಬ ಹೇಳಿದ್ದನ್ನು ಕೇಳಿ ಬಚ್ಚಪ್ಪ ಎದ್ದು ನಿಂತ.

“ನಿಮ್ಮ ಯಜಮಾನ್ರು ನಮ್ಮ ಗದ್ದೆ ಮುಳುಗ್ಸಕ್ಕೆ ದೊರೇನ ಕರ್ಕಂಡು ಬತ್ತಾವ್ರಂತೆ, ಅಮ್ಮಾಜಮ್ಮ!”

ಗಂಡ ಏನು ಮಾಡಿದನೆಂದು ಅಮ್ಮಾಜಮ್ಮನ ಕಲ್ಪನೆಗೂ ಬರಲಿಲ್ಲ. ಆದರೆ ಏನೋ ಹೇಳಿದ್ದಾನೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಆ ಮನೆಯಲ್ಲಿ ಒರಳು ಎಲ್ಲಿದೆಯೆಂದು ಸುತ್ತ ನೋಡಿದಳು.

ಮುತ್ಯಾಲಮ್ಮ ಸೆರಗು ಬಿಗಿದು, ಕೋಲು ತೆಗೆದುಕೊಂಡು ಗದ್ದೆಯ ಅಂಚಿಗೆ ಹೋಗಿ ನಿಂತಳು. ಹಿಂದೆ ಮಗ, ಮೊಮ್ಮಗ, ಹಳ್ಳಿ. ದೊರೆ ಗದ್ದೆಯ ಮೇಲೆ ಕಾಲಿಡಕೂಡದು, ಅಷ್ಟೇ. ದೂರದಲ್ಲಿ ಟೋಪಿ ಕಾಣಿಸಿತು. ನೀರಿನಲ್ಲೇ ಬರುತ್ತಿತ್ತು. “ಅಂಗೇ ಬರ್ಲಿ, ಅಂಗೇ ಬರ್ಲಿ,” ಎಂದು ಬಚ್ಚಪ್ಪ ಗೊಣಗಿದ. ಇನ್ನು ಸ್ವಲ್ಪ ದೂರ ಕಳೆದರೆ ಅವನ ಗದ್ದೆ ಉಳಿಯುತ್ತಿತ್ತು.

ಅಷ್ಟರಲ್ಲಿ ಗಾಳಿ ಎದ್ದಿತು.

ಕರಿಮೋಡ ಕೆರೆಯ ಮೇಲೆ ಕವಿಯಿತು, ಆಂಜಿನಪ್ಪನ ಕೊಡೆ ಮೇಲ್ಮುಖವಾಗಿ ಅರಳಿತು, ದೊರೆಯ ಟೋಪಿ ತಲೆ ಬಿಟ್ಟು ಹಾರಿತು. ಗದ್ದೆಯ ಮೇಲೆ ಹಾರಿ, ಕಣದಲ್ಲಿ ಉರುಳಿ, ಮೇಲೆ ಮೇಲೆ ಹೋಯಿತು. ದೊರೆ ಮಕ್ಕಳ ಹಾಗೆ ಕೇಕೆ ಹಾಕುತ್ತ ಅದರ ಹಿಂದೆ ಓಡಿದ. ಬಚ್ಚಪ್ಪನ ಭತ್ತದ ನಡುವೆ ಓಡಿದ. ಕಣ ದಾಟಿದ. ಹಿತ್ತಲು ದಾಟಿದ. ದನದ ಕೊಟ್ಟಿಗೆಯನ್ನು ಒಂದು ಸುತ್ತು ಬಂದ. ಟೋಪಿ ಕೊನೆಗೆ ಜಗುಲಿಯ ಚಾಪೆಯ ಮೇಲೆ, ತಾಂಬೂಲದ ತಟ್ಟೆಯ ಪಕ್ಕಕ್ಕೆ ಬಂದು ಕೂತಿತು. ಪೊಂಗಲ್ ದೊರೆಯ ಕೆಸರು ಬೂಟ್ಸು ಎರಡೂ ಜಗುಲಿ ಹತ್ತಿ ನಿಂತವು.

ಹಳ್ಳಿಯೆಲ್ಲ ಒಟ್ಟಿಗೆ “ಹೋ” ಎಂದಿತು.

“ಮನೇನೂ ಮುಳುಗ್ತು!” ಎಂದು ಕಿರುಚಿದ ಬಚ್ಚಪ್ಪ. “ಗದ್ದೆ ಓಯ್ತು, ಕಣ ಓಯ್ತು, ಕೊಟ್ಟಿಗೆ ಸುತ್ತಾನೂ ಗೆರೆ ಎಳೆದ! ಬೀಗ್ರೇ ಅನ್ನಾಕೂ ನಂಗೆ ಬಾಯಿ ಬರಾಕಿಲ್ಲ. ತಾಂಬೂಲಾನೂ ಇಲ್ಲ, ಏನೂ ಇಲ್ಲ. ನಿಮ್ಮ ಸಂಬಂಧ ನಮಗೆ ಬ್ಯಾಡ!”

ಮಳೆ ಸುರಿಯತೊಡಗಿತು. ಕುಂಟುತ್ತ ಬಂದ ಆಂಜಿನಪ್ಪ ಅಂಗಳದ ನಡುವೆ ನಿಂತ. ಜಗುಲಿಯ ಮೇಲೆ ಅಮ್ಮಾಜಮ್ಮ ತಟ್ಟೆಯಲ್ಲಿದ್ದ ತೆಂಗಿನಕಾಯಿಯನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು, ವಾಪಸು ತೆಗೆದುಕೊಂಡು ಹೋಗಲು. ಬಂಗಾರಪೇಟೆಯ ಮನೆಯಲ್ಲಿ ಬಾಗಿಲ ಸಂದಿಯಿಂದ ದಾರಿ ನೋಡುತ್ತಿರುವ ಮಗಳ ಮುಖ ಆಂಜಿನಪ್ಪನ ಕಣ್ಣೆದುರು ಬಂತು.

“ಬೀಗ್ರೇ, ಯಾರ ಜಮೀನೂ ಮುಳುಗಾಕಿಲ್ಲ,” ಎಂದ. “ದೊರೆಗೆ ಅವರೂರು ಗ್ಯಾಪಕ ಬಂದಿತ್ತು. ನೀರಿನ ಪಕ್ಕ ನಡೀಬೇಕು ಅಂದ್ರು. ಅಷ್ಟೇ.”

“ನಮ್ಮ ಕಿವೀಗೆ ಊವ ಇಡಬ್ಯಾಡಿ.”

“ಅಂಗಾದ್ರೆ ದೊರೆ ನಿನ್ನ ಸ್ನೇಹಿತ ಅಲ್ವೇನಪ್ಪ?” ಎಂದಳು ಮುತ್ಯಾಲಮ್ಮ. ಆ ದಿನ ಅವಳು ಆಡಿದ ಮೊದಲ ಮಾತು. “ನಮ್ಮ ಗದ್ದೆ ಬಿಟ್ಟುಬಿಡು ಅಂತ ಅವನಿಗೆ ಏಳು. ನಿನ್ನ ಮಾತು ಮೀರಾಕಿಲ್ವಲ್ಲ.”

ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಆಂಜಿನಪ್ಪ ಒಮ್ಮೆ ಹೆಂಡತಿಯ ಸೆರಗನ್ನು ನೋಡಿದ.

“ಅವರು ನನ್ನ ಸ್ನೇಹಿತ ಅಲ್ಲ, ತಾಯಿ,” ಎಂದ. “ನಾನು ಅವರ ಕುದುರೆಗೆ ಉರ್ಳಿ ಆಕೋನು.”

ಯಾರೂ ನಂಬಲಿಲ್ಲ. ಸುಳ್ಳು ಹೇಳಿದಾಗಲೆಲ್ಲ ಆ ಮನುಷ್ಯನನ್ನು ಜನ ನಂಬಿದ್ದರು. ನಿಜ ಹೇಳಿದ ದಿನ ಮಳೆಯಲ್ಲಿ ನಿಲ್ಲಿಸಿ ಗುರುಗುಟ್ಟಿ ನೋಡಿದರು. ಮುತ್ಯಾಲಮ್ಮ ದೊರೆಯ ಕಡೆ ತಿರುಗಿ, ಕೋಲಿನಿಂದ ಆಂಜಿನಪ್ಪನನ್ನು ತೋರಿಸಿ, ಗಡಿಯ ಕಡೆಯ ತನ್ನ ತಮಿಳಿನಲ್ಲಿ, ಇವನು ನಿನಗೆ ಏನಾಗಬೇಕು ಎಂದು ಕೇಳಿದಳು.

ದೊರೆ ಟೋಪಿಯ ನೀರು ಕೊಡವುತ್ತ ಆಂಜಿನಪ್ಪನನ್ನು ಪ್ರೀತಿಯಿಂದ ನೋಡಿದ.

“ಇವನ್ ಎನ್ ಕುದುರೈಯೋಡ ಫ್ರೆಂಡ್,” ಎಂದ.

ಮುತ್ಯಾಲಮ್ಮ ನಕ್ಕಳು. ಕಂಬ ಹಿಡಿದುಕೊಂಡು ನಕ್ಕಳು. ಹಲ್ಲಿಲ್ಲದ ಬಾಯಿಂದ “ಕುದುರೆ ಸ್ನೇಹಿತ! ಅಯ್ಯೋ ದೇವುಡಾ, ಕುದುರೆ ಸ್ನೇಹಿತ!” ಎನ್ನುತ್ತ ಕಣ್ಣು ಒರೆಸಿಕೊಂಡಳು. “ಬಚ್ಚಾ, ಇವನು ನಮ್ಮಂಗೆ ಮೂಟೆ ಒರೋನು ಕಣ್ಲಾ. ದೊರೆಗಳ ಸರಿಸಮಾನ ಕೂರೋ ಮನೆ ಎಣ್ಣು ನಾಳೆ ನಮ್ಮ ಸಗಣಿ ಬಾಚ್ತಾಳಾ ಅಂತ ನಂಗೆ ಮೊದಲಿಂದ ಎದೆ ಒಡ್ಕಂತಿತ್ತು. ಉರ್ಳಿ ಮಾರೋನು ಅಂದ್ರೆ ನಮ್ಮೋನೇ.”

“ಅಂಗಾದ್ರೆ ಈ ದೊರೆ ಕೆರೆ ಸುತ್ತ ನಡೆದಿದ್ದು ಯಾಕೆ?” ಎಂದ ಬಚ್ಚಪ್ಪ. ಅವನಿಗೆ ಇನ್ನೂ ಗದ್ದೆಯ ಚಿಂತೆ.

“ಚುಮ್ಮಾ,” ಎಂದ ದೊರೆ.

ಮುತ್ಯಾಲಮ್ಮ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ದೊರೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಮೊಣಕಾಲಿನವರೆಗೆ ಕೆಸರು, ಒದ್ದೆ ಮೈ, ಬರಿತಲೆ, ಆದರೆ ಮುಖದಲ್ಲಿ ಅಷ್ಟೊಂದು ನೆಮ್ಮದಿ. ಅಂಥ ಮುಖ ಎಲ್ಲಿ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು.

“ಅರಕೆ ಕಣ್ರಲಾ! ಗೊತ್ತಾಗಾಕಿಲ್ವಾ? ಕೆರೆ ತುಂಬೈತೆ, ಗಂಗಮ್ಮನ ಪ್ರದಕ್ಷಿಣೆ ಬತ್ತಾವ್ನೆ. ಅವರೂರಾಗೆ ಕಡಲಗಂಗಮ್ಮನ್ನ ಸುತ್ತೋನು ಇಲ್ಲಿ ನಮ್ಮವ್ವನ್ನ ಸುತ್ತಾವ್ನೆ. ಬಾಯಿ ಬಿಟ್ಟು ಏಳಿದ್ರೆ ಅರಕೆ ಕೆಡ್ತದೆ, ಅದಕ್ಕೆ ಚುಮ್ಮಾ ಅಂತಾನೆ.”

ಜನರೆಲ್ಲ ಒಮ್ಮೆಗೇ ಉಸಿರು ಬಿಟ್ಟರು. ಹೀಗೆ ಮೊದಲೇ ಹೇಳಬಾರದಿತ್ತೇ? ಬಚ್ಚಪ್ಪನ ಮನೆ ನೀರಿನಿಂದ ಮೇಲೆ ಬಂತು, ದೊಡ್ಡವೆಂಕಟಪ್ಪನ ಭತ್ತ ಉಳಿಯಿತು. ಕದಿರಮ್ಮ ಒಬ್ಬಳೇ ಹಿಂದಿನಿಂದ, “ನನ್ನ ಬಂಡೆ?” ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಅಮ್ಮಾಜಮ್ಮ ತೆಂಗಿನಕಾಯಿಯನ್ನು ಸೆರಗಿನಿಂದ ತೆಗೆದು ಮತ್ತೆ ತಟ್ಟೆಯಲ್ಲಿಟ್ಟಳು.

ತಟ್ಟೆಗೆ ಕೈಹಾಕಿದ ಮುತ್ಯಾಲಮ್ಮ ತಟ್ಟನೆ ನಿಂತಳು.

“ಇರ್ಲಿ, ಇರ್ಲಿ. ಯಾವ ಕಡೆಯಿಂದ ಬಂದ್ರಿ?”

ಆಂಜಿನಪ್ಪ ತೋರಿಸಿದ.

“ಅಂದ್ರೆ ಗಂಗಮ್ಮ ಎಡಗಡೆ!”

ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನಮ್ಮಲ್ಲಿ ಹಾಗೆ ಎಡಸುತ್ತು ಬರುವುದು ಸುಡುಗಾಡಿನಲ್ಲಿ ಮಾತ್ರ. ತಾಂಬೂಲದ ದಿನ, ಹೆಣ್ಣಿನ ತಂದೆ, ಅದೂ ತುಂಬಿದ ಕೆರೆಗೆ!

“ಯಾರಪ್ಪ ಈ ದಾರಿ ತೋರ್ಸಿದ್ದು?” ಎಂದಳು ಮುತ್ಯಾಲಮ್ಮ.

ದೊರೆಯೂ ಸೇರಿ ಎಲ್ಲರೂ ಆಂಜಿನಪ್ಪನನ್ನು ನೋಡಿದರು.

ತೀರ್ಮಾನಕ್ಕೆ ಹೊತ್ತು ಹಿಡಿಯಲಿಲ್ಲ. ಬಂದ ದಾರಿಯಲ್ಲೇ, ಗಂಗಮ್ಮನನ್ನು ಬಲಗಡೆ ಇಟ್ಟುಕೊಂಡು, ಏರಿಯವರೆಗೂ ಹಿಂದಕ್ಕೆ ನಡೆಯಬೇಕು. ಸುತ್ತಿದ್ದು ಬಿಚ್ಚಿಕೊಳ್ಳುತ್ತದೆ. ಏರಿಯ ಮೇಲಿನ ಗಂಗಮ್ಮನ ಕಲ್ಲಿನ ಮುಂದೆ, ದೀಪ ಹಚ್ಚುವ ಹೊತ್ತಿಗೆ ತಾಂಬೂಲ. ಗಂಡಸರು ಜೊತೆಗೆ ನಡೆಯುವುದು, ಹೆಂಗಸರು ತಟ್ಟೆಯೊಂದಿಗೆ ಗಾಡಿಯಲ್ಲಿ ಬರುವುದು. ಹೆಣ್ಣಿನ ತಂದೆ ನಡೆಯದಿದ್ದರೆ ಸಂಬಂಧವಿಲ್ಲ.

ಆಂಜಿನಪ್ಪನ ಎರಡು ಹಿಮ್ಮಡಿಯಲ್ಲೂ ನೆಲ್ಲಿಕಾಯಿಯಷ್ಟು ಬೊಕ್ಕೆಗಳಿದ್ದವು. ಅವನು ದೊರೆಯ ಹತ್ತಿರ ಹೋಗಿ, ಬಂದ ದಾರಿಯನ್ನು ಕೈಯಿಂದ ತೋರಿಸಿ, ಬೆರಳುಗಳಿಂದ ನಡೆದು ತೋರಿಸಿದ. ದೊರೆ ಬೇಡವೆನ್ನಲಿ ಎಂದು ಗಂಗಮ್ಮನಿಗೇ ಒಂದು ಹರಕೆಯನ್ನೂ ಹೊತ್ತ.

“ಮರುಪಡಿಯುಮಾ?” ಎಂದ ದೊರೆ, ಮತ್ತೆ ನಡೆಯುವುದೇ ಎಂದು ಮುಖ ಅರಳಿಸಿ. “ರೊಂಬ ಸಂತೋಷಂ!”

ಹೀಗೆ ಮತ್ತೆ ಹೊರಟರು. ಸ್ವಲ್ಪ ದೂರದಲ್ಲೇ ಆಂಜಿನಪ್ಪ ಬೂಟ್ಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಮುದುಕನ ಬೇಲಿಯ ಹತ್ತಿರ ಸೋನೆ ಬಂತು, ಮುಳ್ಳೂ ಬಂತು, ಕದಿರಮ್ಮನ ಬಂಡೆಯ ಹತ್ತಿರ ಬಿಸಿಲು ಬಂತು. ಆಮೇಲೆ ಅವನಿಗೆ ನಡೆಯಲು ಆಗಲಿಲ್ಲ. ದೊರೆ ತಿರುಗಿ ನೋಡಿ, ನಿಂತು, ತನ್ನ ಕೋಲನ್ನು ಅವನಿಗೆ ಕೊಟ್ಟು, ಉದ್ದವಾದ ತೋಳನ್ನು ಅವನ ಹೆಗಲ ಮೇಲೆ ಹಾಕಿ ಎತ್ತಿ ಹಿಡಿದುಕೊಂಡು ನಡೆಯತೊಡಗಿದ. ತನ್ನ ಊರಿನ ಒಂದು ಹಾಡನ್ನೂ ಹೇಳಿಕೊಂಡ.

ಹಿಂದೆ ಬರುತ್ತಿದ್ದ ಬಚ್ಚಪ್ಪ ಬೆರಗಾಗಿ ಹತ್ತಿರ ಬಂದ. “ಬೀಗ್ರೇ, ಎಗಲ ಮೇಲೆ ಕೈ ಆಕ್ತಾರೆ ಅಂದಿದ್ರಿ. ಅದು ನಿಜಾನೇ?”

ಎಂಥ ಗಳಿಗೆ! ಇಂಥ ಗಳಿಗೆಗಾಗಿ ಆಂಜಿನಪ್ಪ ಒಂದು ಜನ್ಮವೆಲ್ಲ ಕಾದಿದ್ದ. ಅವನ ಎದೆ ಉಬ್ಬಿತು. ಆಮೇಲೆ ಮೆಲ್ಲಗೆ ಇಳಿಯಿತು.

“ಕಾಲ್ನಾಗೆ ಬೊಕ್ಕೆ ಬಂದೈತೆ ಬೀಗ್ರೇ. ಅದಕ್ಕೆ.”

ಏರಿ ಮುಟ್ಟಿದಾಗ ಮೋಡ ಹರಿದು ಪಡುವಣವೆಲ್ಲ ಕೆಂಪಾಗಿತ್ತು. ಗಂಗಮ್ಮನ ಕಲ್ಲಿಗೆ ಅರಿಸಿನ ಕುಂಕುಮ ಇಟ್ಟು ದೀಪ ಹಚ್ಚಿದ್ದರು. ಮುತ್ಯಾಲಮ್ಮ ತಟ್ಟೆ ಎತ್ತಿಕೊಂಡಳು. ಅಷ್ಟರಲ್ಲಿ ನೀರುಗಂಟಿ ಮುನಿನಾರಾಯಣಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ. ಹರಕೆಯ ಸುದ್ದಿ ಅವನಿಗಿನ್ನೂ ತಲುಪಿರಲಿಲ್ಲ.

“ಬೆಳಿಗ್ಗೆ ಕೇಳಿದ್ರೆ ಬಾಯಿ ಬಿಡ್ನಿಲ್ಲ. ಈಗ್ಲಾದ್ರೂ ಏಳಣ್ಣ. ದೊರೇನ ಕರ್ಕಂಡು ಏನು ಕೆಲಸಕ್ಕೆ ಓಗಿದ್ರಿ?”

ಅಮ್ಮಾಜಮ್ಮ ಕಣ್ಣು ಮುಚ್ಚಿಕೊಂಡಳು. ತಾಂಬೂಲ ಇನ್ನೂ ಕೈಗೆ ಬಂದಿರಲಿಲ್ಲ.

ಆಂಜಿನಪ್ಪ ಬೂಟ್ಸುಗಳನ್ನು ಕೆಳಗಿಟ್ಟ.

“ಸುಮ್ನೆ ಕಣಪ್ಪ,” ಎಂದ.

ಅಮ್ಮಾಜಮ್ಮ ಕಣ್ಣು ಬಿಟ್ಟಳು. ಮುತ್ಯಾಲಮ್ಮ ಆ ಮಾತು ಕೇಳಿ ಮೆಚ್ಚಿ ತಲೆಯಾಡಿಸಿ, ಬೀಗನೂ ಹರಕೆಯ ಗುಟ್ಟು ಕಾಯಬಲ್ಲ ಮನುಷ್ಯನೇ ಎಂದುಕೊಂಡು, ತಾಂಬೂಲವನ್ನು ಅವನ ಎರಡೂ ಕೈಗಳಿಗೆ ಇಟ್ಟಳು. ಪೆರುಮಾಳ್ ಕುದುರೆಯನ್ನು ಹಿಡಿದು ತಂದ. ಅದು ಜನರ ನಡುವೆ ಕತ್ತು ಚಾಚಿ ಆಂಜಿನಪ್ಪನ ಕೋಟಿನ ಜೇಬನ್ನು ಮೂಸಿತು.

ಮುನಿನಾರಾಯಣಪ್ಪ ಮಾತ್ರ ‘ಸುಮ್ನೆ’ ಎಂಬ ಮಾತನ್ನು ಬಹಳ ಹೊತ್ತು ಯೋಚಿಸಿದ. ಆಮೇಲೆ ಮನೆಯವರನ್ನೆಲ್ಲ ಕೂಗಿ ಕರೆದು, ದಡದಲ್ಲಿದ್ದ ತನ್ನ ಹುಲ್ಲಿನ ಬಣವೆಯನ್ನು ಕಿತ್ತು, ನೀರು ಏರಿದರೂ ಮುಟ್ಟದ ದಿಬ್ಬದ ಮೇಲಕ್ಕೆ ಸಾಗಿಸಿದ.